ಟವೆಲ್ ಕೆಳಗಿನ ತಾಳ

ಶ್ರೀನಿವಾಸಪುರ
12 ಏಪ್ರಿಲ್ 2025

ಗಂಗಾ,

ಆಗಲ್ಲ ಅಂದ್ನಲ್ಲ, ಮತ್ಯಾಕೆ ಅದೇ ಮಾತು. ಹೋದ ಕಾಗದದಲ್ಲೂ ಅದನ್ನೇ ಕೇಳಿದ್ದೆ, ಈ ಕಾಗದದಲ್ಲೂ ಅದೇ. ನಿನ್ನ ಮಗಳು ಮೇಘನ ಮೊದಲನೇ ಸಲ ಕೋಲಾರದಲ್ಲಿ ಕಛೇರಿ ಮಾಡ್ತಾಳೆ, ಮೇ ಹದಿನೆಂಟು, ಭಾನುವಾರ ಬೆಳಗ್ಗೆ ಹತ್ತು ಗಂಟೆ, ಸೋದರಮಾವ ಆದೋನು ಮುಂದಿನ ಸಾಲಲ್ಲಿ ಕೂತ್ಕೊಬೇಕು. ಗೊತ್ತಾಯ್ತು. ನನಗೂ ಹೆಮ್ಮೆ ಇದೆ. ಇಲ್ಲಿ ಮಾವಿನ ಮಂಡೀಲಿ ಹಮಾಲರಿಂದ ಹಿಡಿದು ಲಾರಿ ಡ್ರೈವರ್ ತನಕ ಎಲ್ಲರಿಗೂ ಹೇಳಿ ಆಯ್ತು. ಎರಡು ಕ್ರೇಟ್ ಬಾದಾಮಿ ಮಾವು ಬಸ್ಸಿಗೆ ಹಾಕಿ ಕಳಿಸ್ತೀನಿ. ಹಾಡಿದೋರು, ಬಾರಿಸಿದೋರು, ಕೂತಲ್ಲೇ ನಿದ್ದೆ ಮಾಡಿದೋರು, ಎಲ್ಲರೂ ತಿನ್ನಲಿ. ನಾನು ಮಾತ್ರ ಬರಲ್ಲ.

ಕಛೇರಿ ಅಂದ್ರೆ ನನಗೆ ಹೇಸಿಗೆ ಕಣೇ. ಬೇಜಾರಲ್ಲ, ಹೇಸಿಗೆ. ತೋತಾಪುರಿ ರಾಶಿ ಒಳಗೆ ಕೈ ಹಾಕಿದಾಗ ತಳದಲ್ಲಿ ಕೊಳೆತಿದ್ದು ಬೆರಳಿಗೆ ಸಿಗತ್ತಲ್ಲ, ಹಾಗೆ. ಟಿವೀಲಿ ತಂಬೂರಿ ಸದ್ದು ಬಂದ್ರೆ ಸಾಕು, ನಿಮ್ಮ ಅತ್ತಿಗೆ ಭಾರತಮ್ಮ ನನ್ನ ಮುಖ ನೋಡಿ ಚಾನೆಲ್ ಬದಲಾಯಿಸ್ತಾಳೆ. ಯಾಕೆ ಅಂತ ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ. ಹಲ್ಲುನೋವು ಅಂದ್ಕೊಂಡಿದ್ದಾಳೆ.

ಇನ್ನೊಂದು ಕೇಳಿದ್ದೀಯ. "ನಾವಿಬ್ಬರೂ ಮೊದಲನೇ ಸಲ ಕಛೇರಿ ಕೇಳೋಕೆ ಕೋಲಾರಕ್ಕೆ ಹೋದ್ವಲ್ಲ, ಆ ದಿನದ್ದು ಏನೇನು ನೆನಪಿದೆಯೋ ಎಲ್ಲ ಬರಿ" ಅಂತ. ಅದನ್ನ ಬರೀತೀನಿ. ನಾಲ್ಕನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು, ತಪ್ಪಿದ್ರೆ ನೀನೇ ತಿದ್ಕೋ.

1988, ಮೇ ತಿಂಗಳು. ನನಗೆ ಹದಿನೆಂಟು, ನಿನಗೆ ಹದಿನೈದು. ರಾಮೋತ್ಸವದ ಚಪ್ಪರ. ನನಗೆ ನೆನಪಿರೋದು ವಾಸನೆ. ಮುಂದೆ ಕೂತಿದ್ದೋನ ತಲೇಲಿ ಹರಳೆಣ್ಣೆ, ಬಿಸಿಲಿಗೆ ಅದು ಕಿವಿ ಹಿಂದೆ ಇಳೀತಾ ಇತ್ತು. ಜಮಖಾನದ ಮೇಲೆ ಪಾನಕ ಚೆಲ್ಲಿ ಒಣಗಿ ಅಂಟಂಟು, ಅದರ ಮೇಲೆ ನೊಣ. ಪಕ್ಕದೋನು ತೇಗಿದ್ರೆ ಕೋಸಂಬರಿ. ಒಬ್ಬ ದೊಡ್ಡ ಮನುಷ್ಯ ಉಗುಳೋಕೆ ಹಿತ್ತಾಳೆ ಚೊಂಬು ಇಟ್ಕೊಂಡಿದ್ದ. ಹಾಡೋ ಅಮ್ಮ ಮೇಲಕ್ಕೆ ಹೋದಾಗೆಲ್ಲ ಅವನು ಕೆಳಕ್ಕೆ ಬಗ್ತಿದ್ದ. ಇಬ್ಬರೂ ಒಳ್ಳೇ ಜೋಡಿ.

ಹಾಡು ಕೇಳಿದ್ದಾ? ಇತ್ತು ಅನ್ಸತ್ತೆ.

ಇಷ್ಟೇ ನನ್ನ ನೆನಪು. ಇದಕ್ಕೋಸ್ಕರ ನೀನು ಅಂಚೆ ಚೀಟಿ ದಂಡ ಮಾಡಬೇಡ. ಮೇಘನ ಫೋನಲ್ಲಿ ಮೆಸೇಜ್ ಮಾಡಿ ಮಾವ ಅಂತಾಳೆ, ಈ ಬೆರಳಿಗೆ ಒಂದು ಅಕ್ಷರ ಒತ್ತಿದ್ರೆ ಮೂರು ಬೀಳ್ತವೆ.

ನಿನ್ನ ಅಣ್ಣ
ಕದಿರಪ್ಪ


ಲಕ್ಕೂರು
17 ಏಪ್ರಿಲ್ 2025

ಪ್ರೀತಿಯ ಅಣ್ಣ,

ನಿನ್ನ ಕಾಗದ ಓದಿ ನಕ್ಕೆ. ನಕ್ಕಿದ್ದು ನನಗೆ ಕೇಳಿಸಲಿಲ್ಲ, ಹೊಟ್ಟೆ ಕುಲುಕಿದ್ದು ಗೊತ್ತಾಯಿತು. ಈಗ ಎಲ್ಲ ಹಾಗೇ. ಎರಡು ವರ್ಷದ ಹಿಂದೆ ಬಲಗಿವಿ ಹೋಯಿತು, ಹೋದ ದೀಪಾವಳಿ ಹೊತ್ತಿಗೆ ಎಡಗಿವಿಯೂ ಹೋಯಿತು. ಕಿವಿ ಮಿಷನ್ ಹಾಕಿಕೊಂಡರೆ ತಗಡು ಕೆರೆದ ಹಾಗಿರುತ್ತದೆ. ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಾತು ಹೋಗಿದ್ದಕ್ಕೆ ಅಷ್ಟು ಬೇಸರವಿಲ್ಲ. ಕೊನೆ ಜ್ವರದ ಪೊರೆ ಬಿಟ್ಟು ಎದ್ದ ಮೇಲೆ ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದು ಇರುತ್ತದಲ್ಲ, ಮನೆ ತುಂಬ, ಅದು ಹೋಗಿದ್ದಕ್ಕೆ ಬೇಸರ. ಈಗ ಹುಳದ ಮನೆಗೆ ಹೋದರೆ ಖಾಲಿ ಮನೆಗೆ ಹೋದ ಹಾಗೆ. ತಟ್ಟೆಯ ಮೇಲೆ ಕೈ ಇಟ್ಟು ನೋಡುತ್ತೇನೆ.

ನೀನು ಬರೆದ ಕಛೇರಿ ಯಾವುದು ಅಣ್ಣ? ನಾನು ಹೋಗಿದ್ದು ಬೇರೆ. ಹೆಂಗಸರ ಕಡೆ ಕಂಬದ ಪಕ್ಕ ಕೂತಿದ್ದೆ. ಹಾಡುವವರ ಹಸಿರು ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ತಂಬೂರಿ ಶುರುವಾದಾಗ ನನ್ನ ಹಲ್ಲು ಸಣ್ಣಗೆ ನಡುಗಿತು. ಅಲ್ಲಿಯ ತನಕ ನಾನು ಸಂಗೀತ ಕೇಳಿದ್ದು ಅಪ್ಪನ ರೇಡಿಯೋದಲ್ಲಿ, ಅದೂ ನೀನು ಪಕ್ಕದಲ್ಲಿ ಕೂತು ಅದರ ತಲೆಗೆ ಬಾರಿಸುತ್ತಿದ್ದರೆ. ನೆನಪಿದೆಯಾ, ಆ ಬೆಳಗಿನ ಹಾಡು? ಹಾಡುವವರು ಮೇಲಿನ ಸ್ವರಕ್ಕೆ ಹೋದ ತಕ್ಷಣ ಡಬ್ಬಿ ನಡುಗಿ ಸೆಲ್ ಜರುಗುತ್ತಿತ್ತು, ಹಾಡು ನಿಲ್ಲುತ್ತಿತ್ತು. ನೀನು ಒಂದು ಏಟು ಹಾಕಿದರೆ ಮುಂದಕ್ಕೆ ಹೋಗುತ್ತಿತ್ತು. ಹಾಡೇ ಹಾಗೆ ಅಂದುಕೊಂಡು ನಾನು ಅಲ್ಲಿ ನಿಲ್ಲಿಸಿಯೇ ಕಲಿತಿದ್ದೆ. ಚಪ್ಪರದಲ್ಲಿ ಮೊದಲ ಸಲ ಒಂದು ಹಾಡು ನಿಲ್ಲದೆ ಹೋಗಿದ್ದು ಕೇಳಿ ಕಣ್ಣಲ್ಲಿ ನೀರು ಬಂತು.

ಆ ದಿನ ನನಗೆ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಕೆಟ್ಟದ್ದು ನಿನಗೆ ಗೊತ್ತೇ ಇದೆ, ಬಸ್ಸಿನಲ್ಲಿ ನೀನೇ ಹೇಳಿದ್ದು. ಅದು ಇರಲಿ.

ಮೇಘನಳ ಕಛೇರಿಗೆ ನಾನು ಹೋಗುವುದಿಲ್ಲ. ಅವಳ ಬಾಯಿ ಆಡುವುದು ಮಾತ್ರ ಕಾಣುತ್ತದೆ, ಮೀನಿನ ಹಾಗೆ. ಅದನ್ನು ನೋಡಿ ನನಗೇ ಅಸಹ್ಯವಾಗಿಬಿಟ್ಟರೆ ಅನ್ನುವ ಭಯ. ಜೊತೆಗೆ ಈ ತಿಂಗಳ ಕೊನೆಗೆ ಮರಿ ಹುಳ ತರುತ್ತೇವೆ, ಅವು ಹಣ್ಣಾಗುವುದು ಸರಿಯಾಗಿ ಆ ಭಾನುವಾರ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಕೈ ಬಿಡುವಿರುವುದಿಲ್ಲ. ಇವರು ಒಬ್ಬರೇ ಏನು ಮಾಡುತ್ತಾರೆ.

ಅದಕ್ಕೇ ನೀನು ಹೋಗು. ನನ್ನ ಕಿವಿಯಾಗಿ ಹೋಗು. ಬಂದು ಹೇಗಿತ್ತು ಅಂತ ಬರಿ. ಬೇರೆಯವರು "ಚೆನ್ನಾಗಿತ್ತು" ಅಂತ ಬರೆಯುತ್ತಾರೆ. ನೀನಾದರೆ ತೇಗಿದವರನ್ನೂ ಬಿಡುವುದಿಲ್ಲ.

ನಿನ್ನ ತಂಗಿ
ಗಂಗಾ


ಶ್ರೀನಿವಾಸಪುರ
21 ಏಪ್ರಿಲ್ 2025

ಗಂಗಾ,

ಮೀನು ಅಂತ ಬರೆದ್ಯಲ್ಲ, ಅದನ್ನ ಓದಿ ಊಟ ಸೇರಲಿಲ್ಲ. ಇಷ್ಟು ವರ್ಷ ನುಂಗಿಟ್ಟಿದ್ದನ್ನ ಹೇಳ್ತೀನಿ. ಕೇಳಿದ ಮೇಲೆ ನೀನೇ "ಹೋಗಬೇಡ ಬಿಡು" ಅಂತೀಯ.

ಆವತ್ತು ನಾವು ಸುಮ್ನೆ ಕಛೇರಿ ಕೇಳೋಕೆ ಹೋಗಿರಲಿಲ್ಲ. ನಿಮ್ಮ ಸ್ಕೂಲಿನ ಅನಸೂಯಮ್ಮ ಟೀಚರು ಕೋಲಾರದ ಪಿಟೀಲು ಮೇಷ್ಟ್ರಿಗೆ ಕಾಗದ ಬರೆದಿದ್ರು. ಸ್ಕೂಲ್ ಡೇ ದಿನ ನೀನು ಹಾಡಿದ್ದನ್ನ ಆ ಮೇಷ್ಟ್ರು ಕೇಳಿದ್ರು. ರಾಮೋತ್ಸವಕ್ಕೆ ಬನ್ನಿ, ಹುಡುಗಿ ಅಣ್ಣ ಮೊದಲು ನನ್ನ ಹತ್ರ ಮಾತಾಡ್ಲಿ, ಪಾಠಕ್ಕೆ ಯಾವತ್ತಿಂದ ಬರಬೇಕು ಹೇಳ್ತೀನಿ ಅಂದಿದ್ರು. ನನ್ನ ಕೆಲಸ ಅದೊಂದೇ, ಮಾತಾಡೋದು.

ಆಗ ನಾನು ಪೆದ್ದಪ್ಪನ ಮಾವಿನ ಮಂಡಿಗೆ ಸೇರಿ ಒಂದು ತಿಂಗಳು. ಬೆಳಗ್ಗೆ ನಾಲ್ಕು ಲೋಡು ಇಳಿಸಿ ಹಾಗೇ ಬಸ್ ಹತ್ತಿದ್ದೆ. ಕೈಯೆಲ್ಲ ಸೊನೆ. ಸೀಮೆಎಣ್ಣೆ ಹಾಕಿ ಉಜ್ಜಿದ್ರೂ ಹೋಗ್ದು ಅದು, ಕಪ್ಪಗೆ ಅಂಟಿರತ್ತೆ. ಮಂಡೀಲಿ ವ್ಯಾಪಾರ ಹೆಂಗೆ ಮಾಡ್ತಾರೆ ಅಂತ ನಿನಗೂ ಗೊತ್ತು, ಅಪ್ಪ ಇಬ್ಬರಿಗೂ ಕಲಿಸಿದ್ದ. ಕೊಳ್ಳೋನು, ಮಾರೋನು ಇಬ್ಬರ ಕೈ ಮೇಲೂ ಒಂದು ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ರೇಟು ಹೇಳೋದು. ಬಾಯಿ ಬಿಡಂಗಿಲ್ಲ. ಟವೆಲ್ ಇಲ್ಲದೆ ಬೆರಳು ತೋರಿಸಿದೋನಿಗೆ ಪೆದ್ದಪ್ಪ ಬೈತಿದ್ದ, "ಏಮ್ರಾ, ಪಂಚೆ ಬಿಚ್ಚಿ ಬಜಾರಲ್ಲಿ ನಿಂತ್ಕೊಂಡಂಗಿದೆ ನಿನ್ನ ವ್ಯಾಪಾರ" ಅಂತ. ಒಂದು ತಿಂಗಳಲ್ಲಿ ಅದು ನನ್ನ ರಕ್ತಕ್ಕೆ ಹೋಗಿತ್ತು.

ಮೇಷ್ಟ್ರು ಮುಂದಿನ ಸಾಲಲ್ಲಿ ಕೂತಿದ್ರು. ಬಿಳೀ ಶಲ್ಯ, ಬಿಳೀ ಜುಬ್ಬ. ಹಾಡು ನಿಂತ ಮೇಲೆ ಮಾತಾಡೋಣ ಅಂತ ಹೋಗಿ ಪಕ್ಕದಲ್ಲೇ ಕೂತೆ. ನೋಡ್ತೀನಿ, ಮೇಷ್ಟ್ರ ಬಲಗೈ ತೊಡೆ ಮೇಲೆ ಆಡ್ತಿದೆ. ಒಂದು ಏಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಕೈ ತಿರುಗಿಸ್ತಾರೆ, ಮತ್ತೆ ಏಟು. ಮತ್ತೆ ಕಿರುಬೆರಳು. ಎಲ್ಲರಿಗೂ ಕಾಣಂಗೆ, ಬಯಲಲ್ಲಿ.

ತಾಳ ಹಾಕೋದು ಅಂತ ಒಂದಿದೆ ಅಂತ ನನಗೇನು ಗೊತ್ತು. ರೇಡಿಯೋದಲ್ಲಿ ಕೈ ಕಾಣಲ್ಲ. ಯಾರಿಗೋ ರೇಟು ಹೇಳ್ತಿದ್ದಾರೆ, ಪಾಪ, ಟವೆಲ್ ಮರೆತು ಬಂದಿದ್ದಾರೆ ಅಂದ್ಕೊಂಡೆ. ಇಷ್ಟು ದೊಡ್ಡ ಮನುಷ್ಯರ ಮಾನ ಹೋಗ್ತಿದೆಯಲ್ಲ ಅಂತ ನನಗೇ ಬೆವರು ಬಂತು. ಹೆಗಲ ಮೇಲಿದ್ದ ನನ್ನ ಟವೆಲ್ ತೆಗೆದು ಮೆಲ್ಲಗೆ ಅವರ ಕೈ ಮೇಲೆ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು. ಒಳಗೆ ಕೈ ಹಾಕಿ ಅವರ ಮೂರು ಬೆರಳು ಹಿಡ್ಕೊಂಡೆ, "ನನಗೆ ತಿಳೀತು, ಹೇಳಿ" ಅಂತ.

ಮೇಷ್ಟ್ರು ಹಾವು ತುಳಿದಂಗೆ ಎದ್ದ್ರು. ಟವೆಲ್ ಬಿತ್ತು. ಸೊನೆ ಅವರ ಬೆರಳಿಗೆ, ಜುಬ್ಬಕ್ಕೆ, ಶಲ್ಯಕ್ಕೆ ಮೆತ್ಕೊಂಡಿತ್ತು. "ಥೂ, ಎಂಥಾ ಕೈಯಯ್ಯಾ ಇದು" ಅಂದ್ರು. ಬೆರಳು ದೂರ ಹಿಡ್ಕೊಂಡು, ತಮ್ಮ ಕೈಯನ್ನೇ ಸತ್ತ ಇಲಿ ನೋಡಿದಂಗೆ ನೋಡ್ತಿದ್ರು. ಸುತ್ತ ಕೂತಿದ್ದೋರು ಮೊದಲು ಮೂಗು ಮುಚ್ಕೊಂಡ್ರು, ಆಮೇಲೆ ನಕ್ಕ್ರು. ಉಗುಳೋ ಚೊಂಬಿನೋನು, ಆ ಬಾಯಿಂದ, "ಹೊರಗೆ ಹೋಗೋ ಗಲೀಜು" ಅಂದ.

ಈಗ ಹೇಳು. ಅಂಥ ಜಾಗಕ್ಕೆ ನಾನು ಮತ್ತೆ ಹೋಗಿ ಮುಂದಿನ ಸಾಲಲ್ಲಿ ಕೂತ್ಕೊಬೇಕಾ?

ಕದಿರಪ್ಪ


ಲಕ್ಕೂರು
26 ಏಪ್ರಿಲ್ 2025

ಅಣ್ಣ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇವರಿಗೂ ಓದಿ ಹೇಳಿದೆ, ನಾನು ಓದುವುದು ನನಗೇ ಕೇಳದಿದ್ದರೂ. ಇವರು ನಗುತ್ತ ನಗುತ್ತ ಸೊಪ್ಪಿನ ಬುಟ್ಟಿಯ ಮೇಲೆ ಕೂತುಬಿಟ್ಟರು. ಮಾನ ಕಾಪಾಡಲು ಹೋಗಿ ಮಾನ ಕಳೆದುಕೊಂಡೆಯಲ್ಲೋ ನನ್ನಪ್ಪ.

ಆದರೆ ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ? ಮೂವತ್ತೇಳು ವರ್ಷ ಒಬ್ಬನೇ ಹೊತ್ತುಕೊಂಡೆಯಾ? ಈಗ ಅರ್ಥವಾಯಿತು, ಟವೆಲ್ ಮರೆತು ಬಂದೆ ಅಂತ ಅಮ್ಮನಿಂದ ಯಾಕೆ ಬೈಸಿಕೊಂಡೆ ಅಂತ.

ನಾನೂ ಒಂದು ಹೇಳುತ್ತೇನೆ. ಅಷ್ಟೆಲ್ಲ ಆದ ಮೇಲೂ ನೀನು ನನಗೋಸ್ಕರ ಹೋಗಿ ಮೇಷ್ಟ್ರನ್ನು ಕೇಳಿದೆಯಲ್ಲ, ಅದು ದೊಡ್ಡದು. ಬಸ್ಸಿನಲ್ಲಿ ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಮೇಷ್ಟ್ರು ಆಗಲ್ಲ ಅಂದ್ರು ಗಂಗಾ. ನಿಂದು ಕೀರಲು ಗಂಟಲಂತೆ. ಹೊಲದಲ್ಲಿ ಹಕ್ಕಿ ಓಡಿಸೋಕೆ ಸರಿಯಂತೆ, ಹಾಡೋಕಲ್ಲವಂತೆ." ಆಗ ಇಳಿದು, ಪಕ್ಕದಲ್ಲಿ ಹೊರಟಿದ್ದ ಮುಳುಬಾಗಿಲಿನ ಬಸ್ಸಿನ ಕೆಳಗೆ ಬೀಳೋಣ ಅನ್ನಿಸಿತ್ತು. ಆಮೇಲೆ ಯೋಚನೆ ಮಾಡಿದೆ. ಅಷ್ಟು ತಿಳಿದವರು ನನಗೆ ಯಾಕೆ ಸುಳ್ಳು ಹೇಳುತ್ತಾರೆ. ಮುಖಕ್ಕೆ ಹೇಳುವ ಧೈರ್ಯ ಅವರಿಗಾದರೂ ಇತ್ತು.

ಅವತ್ತಿನಿಂದ ಜನರ ಮುಂದೆ ಬಾಯಿ ಬಿಡಲಿಲ್ಲ. ಮದುವೆಯಲ್ಲಿ ಹಸೆಗೆ ಕೂತಾಗ ಒಂದು ಹಾಡು ಹೇಳಮ್ಮ ಅಂತ ಅತ್ತೆ ಕೇಳಿದರು, ಬರುವುದಿಲ್ಲ ಅಂದೆ. ಮೇಘನಳಿಗೆ ಲಾಲಿ ಹಾಡುವಾಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹುಳದ ಮನೆಯಲ್ಲಿ ಮಾತ್ರ ಹಾಡಿದೆ. ಹುಳಕ್ಕೆ ಕಿವಿಯಿಲ್ಲ, ಅವಕ್ಕೇನೂ ತೊಂದರೆಯಾಗುವುದಿಲ್ಲ ಅಂತ. ಹುಡುಗಿ ಅಲ್ಲೇ ಬಾಗಿಲ ಹಿಂದೆ ನಿಂತು ಕಲಿತಳಂತೆ, ನನಗೆ ಗೊತ್ತೇ ಇರಲಿಲ್ಲ.

ಈ ಸಲ ಅವಳ ಗುರುಗಳು ಹೇಳಿದರಂತೆ, ತಾವು ಆ ಪಿಟೀಲು ಮೇಷ್ಟ್ರ ಶಿಷ್ಯರೇ ಅಂತ. ಮೇಷ್ಟ್ರು ತೀರಿಕೊಂಡು ಹತ್ತು ವರ್ಷವಾಯಿತು. ಕಛೇರಿಯ ದಿನ ಅವರ ಫೋಟೋಗೆ ಹಾರ ಹಾಕುತ್ತಾರೆ. ನೀನು ಹೋದಾಗ ನನ್ನ ಪರವಾಗಿ ಒಂದು ಮೊಳ ಹೂವು ಇಡು. ನನಗೆ ನಿಜ ಹೇಳಿದವರು ಅವರೊಬ್ಬರೇ. ಸೊನೆಯ ವಿಷಯಕ್ಕೆ ಅವರ ಮೇಲೆ ಹೇಸಿಗೆ ಇಟ್ಟುಕೊಳ್ಳಬೇಡ.

ಗಂಗಾ


ಶ್ರೀನಿವಾಸಪುರ
1 ಮೇ 2025

ಗಂಗಾ,

ಅವರ ಮೇಲೆ ಅಲ್ಲ ಕಣೇ.

ಮೂರು ದಿನದಿಂದ ನಿನ್ನ ಕಾಗದ ಜೇಬಲ್ಲೇ ಇದೆ. ಹೂವು ಇಡು ಅಂತ ಬರೆದಿದ್ದೀಯಲ್ಲ, ಅದು ಬಂದಾಗೆಲ್ಲ ಮಡಚಿ ಇಡ್ತೀನಿ. ಮಂಡೀಲಿ ಜನ ಕೇಳ್ತಿದ್ದಾರೆ, "ಏನ್ ಕದಿರಪ್ಪಣ್ಣ, ಇವತ್ತು ಒಂದು ಜೋಕೂ ಇಲ್ಲ, ಮಾವಿಗೆ ರೋಗ ಬಂದೈತಾ ನಿನಗಾ" ಅಂತ.

ಮೇಷ್ಟ್ರು ಕೈ ತೊಳ್ಯೋಕೆ ನಲ್ಲಿ ಹತ್ರ ಹೋದ್ರು. ನಾನು ಚಪ್ಪರದ ಹೊರಗೆ, ಬೇವಿನ ಮರದ ಕೆಳಗೆ ನಿಂತಿದ್ದೆ. ಅವರು ತಿರುಗಿ ಬರುವಾಗ ನನ್ನ ನೋಡಿದ್ರು. ನಾನು ಒದೆ ಬೀಳತ್ತೆ ಅಂದ್ಕೊಂಡೆ. ಹತ್ರ ಬಂದು ಮೆಲ್ಲಗೆ ಕೇಳಿದ್ರು, "ಏನಪ್ಪಾ, ಮಾವಿನ ಸೊನೆ ಅಲ್ವೇನೋ ಇದು? ಶ್ರೀನಿವಾಸಪುರದೋನಾ? ಅಲ್ಲಿಂದ ಒಬ್ಬ ಬರಬೇಕಿತ್ತು. ಗಂಗಾಲಕ್ಷ್ಮಿ ಅಂತ ಒಂದು ಹುಡುಗಿ, ಅವಳ ಅಣ್ಣ. ನೀನೇನಾ?"

ಒದ್ದಿದ್ರೆ ಚೆನ್ನಾಗಿರ್ತಿತ್ತು.

"ನಾನಲ್ಲ ಸ್ವಾಮಿ, ನಾನು ಮುಳುಬಾಗಿಲು ಕಡೆಯೋನು" ಅಂದೆ.

"ಕಂಡ್ರೆ ನನ್ನ ಹತ್ರ ಕಳಿಸು. ಆ ಹುಡುಗಿ ಗಂಟಲು ದಿನಾ ಸಿಗೋದಲ್ಲ" ಅಂದ್ರು. ಅವರ ಬೆರಳು ಆಗಲೂ ಕಪ್ಪಗೇ ಇತ್ತು. ಅದರಲ್ಲೇ ನನ್ನ ಭುಜ ತಟ್ಟಿದ್ರು.

ಒಳಗೆ ಹೋಗಿ ಕೂತ ಮೇಲೂ ಗೇಟಿನ ಕಡೆ ತಿರುಗಿ ತಿರುಗಿ ನೋಡ್ತಿದ್ರು. ಕಛೇರಿ ಮುಗಿಯೋ ತನಕ ನೋಡಿದ್ರು. ನಾನು ಮರದ ಹಿಂದೆ ಇದ್ದೆ. ನೀನು ಕಂಬದ ಪಕ್ಕ ಕೂತು ಅಳ್ತಿದ್ದೆ, ಸಂತೋಷಕ್ಕೆ. ಮೇಷ್ಟ್ರಿಗೂ ನಿನಗೂ ನಡುವೆ ಆ ಕಂಬ ಒಂದೇ ಅಡ್ಡ, ಇಪ್ಪತ್ತು ಅಡೀನೂ ಇರಲಿಲ್ಲ.

ಹೋಗಿ ಹೇಳಬೇಕು ಅಂತ ಎರಡು ಸಲ ಕಾಲು ಎತ್ತಿದೆ. ಆ ನಕ್ಕ ಜನದ ಮುಂದೆ, "ಈ ಗಲೀಜು ಕೈಯೋನ ತಂಗಿ ಇವಳು" ಅಂತ ನಿನ್ನನ್ನೂ ಮೂಗು ಮುಚ್ಕೊಂಡು ನೋಡ್ತಾರೆ ಅಂತ ಅನ್ನಿಸ್ತು. ನಿನಗೋಸ್ಕರ ಅಂತ ನನಗೆ ನಾನೇ ಹೇಳ್ಕೊಂಡೆ. ಅದೂ ಸುಳ್ಳು. ನನಗೋಸ್ಕರ.

ಬಸ್ಸಲ್ಲಿ ನೀನು ಕೇಳಿದೆ. ಕೀರಲು ಗಂಟಲು, ಹಕ್ಕಿ ಓಡಿಸೋದು, ಅದೆಲ್ಲ ನಾನೇ ಕಟ್ಟಿದ್ದು. ಆಗಲೂ ಜೋಕ್ ಚೆನ್ನಾಗಿ ಕಟ್ತಿದ್ದೆ ನೋಡು. ಜೂನ್ ತಿಂಗಳಲ್ಲಿ ಅನಸೂಯಮ್ಮ ಟೀಚರಿಗೆ ವರ್ಗ ಆಯ್ತು. ಕೇಳೋರಿಲ್ಲ ಅಂತ ಖುಷಿ ಪಟ್ಟೆ. ನಾನು ಖುಷಿ ಪಟ್ಟೆ ಗಂಗಾ, ಅದನ್ನ ಬರೀಬೇಕು.

ಕಛೇರಿ ಅಂದ್ರೆ ಹೇಸಿಗೆ ಅಂತ ಬರೆದೆನಲ್ಲ. ತಂಬೂರಿ ಸದ್ದು ಬಂದ ತಕ್ಷಣ ಆ ಹದಿನೆಂಟು ವರ್ಷದೋನು ಮರದ ಹಿಂದೆ ನಿಂತಿರೋದು ಕಾಣತ್ತೆ. ಅವನನ್ನ ಕಂಡ್ರೆ ವಾಂತಿ ಬರತ್ತೆ. ಬೇರೆಯೋರು ನಗೋಕೆ ಮುಂಚೆ ನಾನೇ ನಗಿಸಿಬಿಡೋದು ಆವತ್ತಿಂದಲೇ ಕಲ್ತಿದ್ದು.

ಹೂವು ಇಡೋಕೆ ನನ್ನ ಕೈಲಾಗಲ್ಲ. ನಿನಗೆ ನಿಜ ಹೇಳಿದೋರು ಅವರಲ್ಲ, ಸುಳ್ಳು ಹೇಳಿದೋನು ನಾನು.

ಕದಿರಪ್ಪ


ಲಕ್ಕೂರು
11 ಮೇ 2025

ಕದಿರಪ್ಪನಿಗೆ,

ಹುಳದ ಮನೆಗೆ ಹೋಗುವ ಮುಂಚೆ ಕೈ ತೊಳೆಯುವುದು ನಮ್ಮಲ್ಲಿ ಪದ್ಧತಿ. ಹೊರಗಿನ ರೋಗ ಒಳಗೆ ಹೋಗಬಾರದು ಅಂತ. ನಿನ್ನ ಕಾಗದ ಓದಿದ ದಿನ ಮೂರು ಸಲ ತೊಳೆದೆ. ಅಂಟು ಹೋಗಲಿಲ್ಲ. ಒಳಗೆ ಹೋಗದೆ ಹೊಸ್ತಿಲಿನ ಮೇಲೆ ಕೂತೆ.

ನನಗೆ ಸಿಟ್ಟು ಬಂದಿದ್ದರೆ ಬೈದು ಬರೆಯುತ್ತಿದ್ದೆ. ಇದು ಸಿಟ್ಟಲ್ಲ. ನಿನ್ನ ಅಕ್ಷರ ನೋಡಲೂ ಹೇಸಿಗೆ.

ಮೂವತ್ತೇಳು ವರ್ಷ ಬಾಯಿ ಮುಚ್ಚಿಕೊಂಡು ಹಾಡಿದೆ. ಈಗ ಬಾಯಿ ಬಿಟ್ಟು ಹಾಡಬಹುದು ಅಂತ ಗೊತ್ತಾದ ಹೊತ್ತಿಗೆ ನನಗೇ ಕೇಳುವುದಿಲ್ಲ. ಮೊನ್ನೆ ತೋಟದಲ್ಲಿ ಒಬ್ಬಳೇ ಇದ್ದಾಗ ಹಾಡಿ ನೋಡಿದೆ. ಗಂಟಲ ಮೇಲೆ ಕೈ ಇಟ್ಟುಕೊಂಡು. ಕೈಗೆ ಏನೋ ಸಿಕ್ಕಿತು. ಅದು ಕೀರಲೋ ಅಲ್ಲವೋ ಯಾರನ್ನು ಕೇಳಲಿ.

ಮನೆಗೆ ಬರಬೇಡ. ಎರಡು ಕೆಲಸ ಮಾಡು. ಹದಿನೆಂಟಕ್ಕೆ ಹೋಗಿ ಮುಂದಿನ ಸಾಲಲ್ಲಿ, ಮೇಷ್ಟ್ರು ಕೂರುತ್ತಿದ್ದ ಕಡೆ, ಕೂತುಕೋ. ಮುಗಿದ ಮೇಲೆ ಮೇಘನಳಿಗೆ ನೀನೇ ಹೇಳು, ಮರದ ಹಿಂದಿನದನ್ನೂ ಬಿಡದೆ. ಆಮೇಲೆ ಅವಳು ಹೇಗೆ ಹಾಡಿದಳು ಅಂತ ನನಗೆ ಬರಿ. ಅದರಲ್ಲಿ ಒಂದೂ ತಮಾಷೆ ಇರಕೂಡದು. ಒಂದೂ ಸುಳ್ಳು ಇರಕೂಡದು.

ಗಂಗಾಲಕ್ಷ್ಮಿ


ಕೋಲಾರ
18 ಮೇ 2025, ಭಾನುವಾರ, ಮಧ್ಯಾಹ್ನ ಒಂದು ಗಂಟೆ

ಗಂಗಾ,

ಛತ್ರದ ಮೆಟ್ಟಿಲ ಮೇಲೆ ಕೂತು ಬರೀತಿದ್ದೀನಿ. ಕಾಗದ ಸಾಲದೆ ಕಾರ್ಯಕ್ರಮದ ಪಟ್ಟಿ ಹಿಂದೆ ಬರೀತಿದ್ದೀನಿ. ಮನೆಗೆ ಹೋಗಿ ಬರೆದ್ರೆ ಚೆಂದ ಮಾಡಿಬಿಡ್ತೀನಿ, ಅದಕ್ಕೆ ಇಲ್ಲೇ.

ತಮಾಷೆ ಬೇಡ ಅಂದಿದ್ದೀಯ. ಮಾಡಲ್ಲ.

ಬೆಳಗ್ಗೆ ಒಂಬತ್ತಕ್ಕೇ ಬಂದೆ. ಎರಡು ದಿನ ಮಂಡೀಲಿ ಕಾಯಿ ಮುಟ್ಟಲಿಲ್ಲ, ಆದ್ರೂ ಉಗುರ ಸಂದೀಲಿ ಸೊನೆ ಇತ್ತು. ಮುಂದಿನ ಸಾಲಲ್ಲಿ ಕೂತೆ. ಎದುರಿಗೆ ಮೇಷ್ಟ್ರ ಫೋಟೋ. ಬಿಳೀ ಶಲ್ಯ. ಹೂವು ತಂದಿದ್ದೆ, ನಿನ್ನ ಪರವಾಗಿ ಅಂತಲ್ಲ, ನನ್ನ ಪರವಾಗಿ. ಇಟ್ಟೆ. ನಾನೇ ಶ್ರೀನಿವಾಸಪುರದೋನು ಅಂತ ಫೋಟೋಗೆ ಹೇಳಿದೆ. ಪಕ್ಕದಲ್ಲಿದ್ದ ಹೆಂಗಸು ಒಂದು ಕುರ್ಚಿ ದೂರ ಸರಿದ್ಲು.

ತಂಬೂರಿ ಈಗ ಪೆಟ್ಟಿಗೇಲಿ ಬರತ್ತೆ, ಕರೆಂಟಿಗೆ ಹಾಕ್ತಾರೆ. ಸದ್ದು ಶುರುವಾದ ತಕ್ಷಣ ಹೆಗಲ ಮೇಲಿನ ಟವೆಲ್ ಗಟ್ಟಿಯಾಗಿ ಹಿಡ್ಕೊಂಡೆ. ಎದ್ದು ಹೋಗೋಣ ಅನ್ನಿಸ್ತು. ಕೂತೆ. ಸುಳ್ಳು ಬೇಡ ಅಂದಿದ್ದಕ್ಕೆ ಹೇಳ್ತೀನಿ, ಮೊದಲನೇ ಹಾಡು ನನಗೆ ಕೇಳಿಸಲೇ ಇಲ್ಲ. ನಲ್ಲಿ ಹತ್ರ ಮೇಷ್ಟ್ರು ಬೆರಳು ಉಜ್ಜೋ ಸದ್ದೇ ಕೇಳ್ತಿತ್ತು.

ಮೇಘನ ಹಳದಿ ಸೀರೆ ಉಟ್ಟಿದ್ಲು. ಹಾಡುವಾಗ ಬಾಯಿ ಮೀನಿನ ಹಾಗಿಲ್ಲ ಗಂಗಾ. ಬಿಸಿ ಅನ್ನ ಬಾಯಿಗೆ ಹಾಕ್ಕೊಂಡೋರು ಹೆಂಗೆ ತೆರೀತಾರೆ, ಹಂಗೆ. ನೀನು ನೋಡಿದ್ರೂ ಅಸಹ್ಯ ಆಗಲ್ಲ. ಎರಡನೇ ಹಾಡಲ್ಲಿ ಗಂಟಲು ಸ್ವಲ್ಪ ಕಟ್ಟಿತ್ತು, ಒಂದು ಕಡೆ ಸ್ವರ ಜಾರಿತು, ಪಿಟೀಲಿನೋರು ಮುಖ ಕಿವುಚಿದ್ರು. ಆಮೇಲೆ ಗಂಟಲು ಬಿಟ್ಕೊಂಡ್ತು.

ಮೂರನೇ ಹಾಡು. ಅದೇ ಬೆಳಗಿನ ಹಾಡು, ರೇಡಿಯೋದ್ದು. ಅವಳು ಮೇಲಕ್ಕೆ ಹೋದ್ಲು, ಹೋದ್ಲು, ಸೆಲ್ ಜರುಗ್ತಿತ್ತಲ್ಲ, ಆ ಜಾಗಕ್ಕೆ ಬಂದ್ಲು. ನಿಂತ್ಲು.

ಯಾರಿಗೂ ತಿಳೀಲಿಲ್ಲ. ಮೃದಂಗದೋರು ಒಂದು ಸಲ ತಲೆ ಎತ್ತಿ ನೋಡಿದ್ರು, ಅಷ್ಟೇ. ನನ್ನ ಕೈ ತಾನಾಗಿ ಮೇಲೆದ್ದಿತ್ತು ಗಂಗಾ. ಏಟು ಹಾಕೋಕೆ. ತೊಡೆ ಮೇಲೆ ಬಿತ್ತು. ಬಿದ್ದ ತಕ್ಷಣ ಅವಳು ಮುಂದಕ್ಕೆ ಹೋದ್ಲು.

ಅದು ನಿನ್ನ ಗಂಟಲು. ನಾನು ಸುಳ್ಳು ಹೇಳೋದಾದ್ರೆ ಇನ್ನೂ ದೊಡ್ಡದಾಗಿ ಹೇಳ್ತಿದ್ದೆ. ಅಲ್ಲಿ ನಿಲ್ಲೋದು ಈ ಪ್ರಪಂಚದಲ್ಲಿ ಇಬ್ಬರಿಗೇ ಗೊತ್ತಿದ್ದಿದ್ದು, ನಿನಗೆ, ನನಗೆ. ಬಾಗಿಲು ಹಾಕ್ಕೊಂಡು ಹಾಡಿದ್ದು ಬಾಗಿಲ ಈಚೆ ಬಂದಿದೆ. ನೀನು ಯಾರನ್ನ ಕೇಳಲಿ ಅಂತ ಬರೆದಿದ್ದೆ. ಕೀರಲಲ್ಲ. ಆವತ್ತೂ ಅಲ್ಲ.

ಆಮೇಲಿನ ಹಾಡಿಗೆಲ್ಲ ನಾನು ಟವೆಲ್ ತೊಡೆ ಮೇಲೆ ಹಾಕ್ಕೊಂಡು ಅದರ ಕೆಳಗೆ ತಾಳ ಹಾಕಿದೆ. ಪಕ್ಕದೋರನ್ನ ನೋಡಿ ಕಲ್ತೆ. ಏಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ತಪ್ಪಿತು, ಮತ್ತೆ ಹಿಡಿದೆ. ಕಾಗದದಲ್ಲಿ ಇದನ್ನ ಬರೆಯೋಕೆ ನನಗೆ ಬರ್ತಿಲ್ಲ. ಬೆರಳಲ್ಲಿ ಹೇಳಬಹುದು, ಅಪ್ಪ ಕಲಿಸಿದ್ದನಲ್ಲ. ಮನೆಗೆ ಬರಬೇಡ ಅಂದಿದ್ದೀಯ, ಬರಲ್ಲ. ಯಾವತ್ತಾದ್ರೂ ಬಾ ಅಂದ್ರೆ ಟವೆಲ್ ಒಗೆದು ತರ್ತೀನಿ.

ಮೇಘನಗೆ ಹೇಳಿದೆ. ಈಗ ಅರ್ಧ ಗಂಟೆ ಹಿಂದೆ, ಇಲ್ಲೇ ಮೆಟ್ಟಿಲ ಹತ್ರ. ಟವೆಲ್, ನಲ್ಲಿ, ಮರ, ಬಸ್ಸು. ಖುಷಿ ಪಟ್ಟಿದ್ದನ್ನೂ ಹೇಳಿದೆ. ಕೊರಳಲ್ಲಿದ್ದ ಹಾರ ತೆಗೆದು ಕೈಲಿ ಹಿಡ್ಕೊಂಡು ಕೇಳಿದ್ಲು. ಟವೆಲ್ ಜಾಗದಲ್ಲೂ ನಗಲಿಲ್ಲ. ಎಲ್ಲ ಆದ ಮೇಲೆ ನನ್ನ ಕೈ ನೋಡಿದ್ಲು, ಮುಖ ನೋಡಲಿಲ್ಲ. ಹಾರ ಹಿಡ್ಕೊಂಡೇ ಒಳಗೆ ಹೋದ್ಲು.

ಆವಾಗಿಂದ ಇಲ್ಲೇ ಕೂತಿದ್ದೀನಿ. ಒಳಗೆ ಎಲೆ ಹಾಕ್ತಿದ್ದಾರೆ, ಹುಳಿ ವಾಸನೆ ಬರ್ತಿದೆ. ಜನ ನನ್ನ ದಾಟ್ಕೊಂಡು ಹೋಗ್ತಿದ್ದಾರೆ. ಒಂದೂವರೆಗೆ ಶ್ರೀನಿವಾಸಪುರದ ಬಸ್ಸಿದೆ. ಅದಕ್ಕೇ ಹೋಗೋದು ಸರಿ ಅನ್ಸತ್ತೆ. ಇವತ್ತಿನ ದಿನ ನಾನು ಆ ಪಂಕ್ತೀಲಿ ಕೂತು

ತಡಿ. ಬಾಗಿಲಲ್ಲಿ ನಿಂತು ಕರೀತಿದ್ದಾಳೆ.

"ಮಾವ, ಯಾವಾಗಿಂದ ಕಾಯ್ತಿದ್ದೀನಿ. ನನ್ನ ಪಕ್ಕ ಎಲೆ ಹಾಕಿಸಿದ್ದೀನಿ, ಬನ್ನಿ ಊಟಕ್ಕೆ. ಕೈ ತೊಳ್ಕೊಂಡು ಬನ್ನಿ."

ಇಲ್ಲಿಗೆ ನಿಲ್ಲಿಸ್ತೀನಿ ಗಂಗಾ. ಕೈ ತೊಳೀಬೇಕು.